ಹಳೆಯ ಹಾಯಿದೋಣಿ ಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಒಳಗೇ ಮಲಗಿ, ಅಡುಗೆ ಮಾಡಿಕೊಂಡು, ವಾರಗಟ್ಟಲೆ ದೂರ ಹೋಗಬಹುದಾದ ಹಾಯಿದೋಣಿಗೆ ಕ್ರೂಸಿಂಗ್ ದೋಣಿ ಎನ್ನುತ್ತಾರೆ. ಅಂಥದ್ದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬೇಕೆಂದಿರುವವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಕೇಳಿದ ಪ್ರಶ್ನೆಗಳು ಇವು. ಅವರ ಮಾತಲ್ಲೇ ಇಟ್ಟಿದ್ದೇನೆ. ಉತ್ತರಗಳಲ್ಲಿ ನೀರಿನ ವಿಷಯ ಸ್ವಲ್ಪ ಜಾಸ್ತಿಯೇ ಬರುತ್ತದೆ. ದೋಣಿ ಇರುವುದು ನೀರಿಗಾಗಿಯೇ ಹೌದು. ಆದರೆ ಹಳೆಯ ದೋಣಿಯ ಬಹುಪಾಲು ಕಾಯಿಲೆ ಶುರುವಾಗುವುದೂ ಬರಬಾರದ ಕಡೆ ಬಂದು ಕೂತ ನೀರಿನಿಂದಲೇ.

## ಶುರುವಿಗೆ

ನನಗೆ ಹಾಯಿ ಏರಿಸೋಕೇ ಸರಿಯಾಗಿ ಬರಲ್ಲ. ಮೊದಲು ದೋಣಿ ಕೊಳ್ಳಲಾ, ಮೊದಲು ಕಲಿಯಲಾ?

ಕಲಿಯಿರಿ. ಅದೂ ಬೇರೆಯವರ ದೋಣಿಯಲ್ಲಿ. ಎರಡು ಮೂರು ಬಗೆಯ ದೋಣಿಗಳಲ್ಲಿ ಕೆಲವು ರಾತ್ರಿ ಕಳೆದರೆ ಸಾಕು, ನಿಮಗೆ ಏನು ಬೇಕು ಎನ್ನುವುದಕ್ಕಿಂತ ಏನು ಬೇಡ ಎನ್ನುವುದು ಗೊತ್ತಾಗುತ್ತದೆ. ಅಲೆಯಲ್ಲಿ ದೋಣಿ ವಾಲಿದಾಗ ಒಲೆಯ ಮುಂದೆ ನಿಲ್ಲಲು ಆಗುತ್ತದೆಯೇ? ನಿಮ್ಮ ಎತ್ತರಕ್ಕೆ ಹಾಸಿಗೆ ಸಾಲುತ್ತದೆಯೇ? ಇವೆಲ್ಲ ಫೋಟೋದಲ್ಲಿ ಕಾಣುವುದಿಲ್ಲ.

ಮೂವತ್ತು ನಲವತ್ತು ವರ್ಷ ಹಳೇ ದೋಣಿ ಕೊಳ್ಳೋದು ಹುಚ್ಚುತನ ಅಲ್ವಾ?

ಕಾರಿನ ಲೆಕ್ಕದಲ್ಲಿ ಯೋಚಿಸಿದರೆ ಹಾಗೆ ಅನ್ನಿಸುತ್ತದೆ. ದೋಣಿಯ ಲೆಕ್ಕ ಬೇರೆ. ಫೈಬರ್‌ಗ್ಲಾಸ್ ಮರದ ಹಾಗೆ ಕೊಳೆಯುವುದಿಲ್ಲ, ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. 1960 ಮತ್ತು 70ರ ದಶಕದಲ್ಲಿ ಅಚ್ಚು ಹಾಕಿದ ಎಷ್ಟೋ ದೋಣಿಗಳ ಹಲ್, ಅಂದರೆ ಹೊರಮೈ, ಇವತ್ತಿಗೂ ಗಟ್ಟಿಯಾಗಿದೆ. ಹಲ್ ಮುದಿಯಾಗುವ ಮೊದಲೇ ಅದಕ್ಕೆ ಅಂಟಿಕೊಂಡ ಬೇರೆಲ್ಲವೂ ಮುದಿಯಾಗುತ್ತದೆ: ಹಾಯಿಕಂಬ ಹಿಡಿದ ತಂತಿ, ಪೈಪು, ವೈರಿಂಗ್, ಎಂಜಿನ್, ಕಿಟಕಿಯ ಅಂಟು.

ಆಸ್ಟ್ರೇಲಿಯಾದ ಜೆಸಿಕಾ ವಾಟ್ಸನ್ 2010ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಒಬ್ಬಳೇ ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬಂದದ್ದು ಎಸ್ ಅಂಡ್ ಎಸ್ 34 ಎಂಬ ಹಳೆಯ ವಿನ್ಯಾಸದ ಸೆಕೆಂಡ್ ಹ್ಯಾಂಡ್ ದೋಣಿಯಲ್ಲಿ. ಹೊರಡುವ ಮುನ್ನ ಅದು ಪರೀಕ್ಷಾ ಪ್ರಯಾಣದಲ್ಲೇ ಸರಕು ಹಡಗಿಗೆ ಡಿಕ್ಕಿ ಹೊಡೆದು ಕಂಬ ಮುರಿದುಕೊಂಡಿತ್ತು. ರಿಪೇರಿ ಮಾಡಿಸಿ ಹೊರಟರು, ಬಂದರು. ಗೋಲ್ಡನ್ ಗ್ಲೋಬ್ ಎಂಬ ಒಂಟಿ ಪ್ರಯಾಣದ ಸ್ಪರ್ಧೆಯಲ್ಲಂತೂ 1988ಕ್ಕಿಂತ ಹಿಂದಿನ ವಿನ್ಯಾಸದ ದೋಣಿಯನ್ನೇ ತರಬೇಕು. 2023ರಲ್ಲಿ ಭಾರತದ ಅಭಿಲಾಷ್ ಟೋಮಿ ಅದರಲ್ಲಿ ಎರಡನೆಯವರಾಗಿ ಬಂದದ್ದು ರಸ್ಲರ್ 36 ದೋಣಿಯಲ್ಲಿ.

ಹಾಗಾಗಿ ಇಸವಿ ಕೇಳುವ ಮೊದಲು ಕೊನೆಯ ಹತ್ತು ವರ್ಷ ಯಾರ ಕೈಯಲ್ಲಿತ್ತು, ಹೇಗಿತ್ತು ಎಂದು ಕೇಳಿ. ಹತ್ತು ವರ್ಷ ದಡದಲ್ಲಿ ಬಿಸಿಲು ಮಳೆಗೆ ಬಿದ್ದಿದ್ದ ಹದಿನೈದು ವರ್ಷದ ದೋಣಿಗಿಂತ, ಪ್ರತಿ ವರ್ಷ ನೀರಿಗಿಳಿದ ನಲವತ್ತು ವರ್ಷದ ದೋಣಿಯೇ ನನಗೆ ಇಷ್ಟ.

ಎಷ್ಟು ಅಡಿ ಉದ್ದದ್ದು ತಗೊಳ್ಳಲಿ?

ನೀವು ಅಂದುಕೊಂಡದ್ದಕ್ಕಿಂತ ಒಂದು ಅಳತೆ ಚಿಕ್ಕದು. ಉದ್ದ 30 ಅಡಿಯಿಂದ 40ಕ್ಕೆ ಹೋದರೆ ಹೆಚ್ಚಾಗುವುದು ಮೂರನೇ ಒಂದು ಪಾಲು ಅಷ್ಟೇ ಅಲ್ಲ. ಅಗಲ, ಆಳ ಎಲ್ಲವೂ ಅದೇ ಪ್ರಮಾಣದಲ್ಲಿ ಬೆಳೆದರೆ ಗಾತ್ರ ಎರಡೂಕಾಲು ಪಟ್ಟಿಗೂ ಮೀರುತ್ತದೆ. ಹಾಯಿಯ ಎಳೆತ, ಲಂಗರಿನ ತೂಕ, ತಳದ ಬಣ್ಣ, ನಿಲ್ಲಿಸುವ ಬಾಡಿಗೆ ಎಲ್ಲ ಅದರ ಹಿಂದೆಯೇ ಏರುತ್ತವೆ. ಇಬ್ಬರಿಗೆ 30ರಿಂದ 36 ಅಡಿ ಸಾಕು.

ಉದ್ದದಿಂದ ಲಾಭವೂ ಇದೆ. ಇಂಥ ದೋಣಿಯ ವೇಗದ ಮಿತಿ ನೀರಿಗೆ ತಾಗುವ ಉದ್ದವನ್ನು ಅವಲಂಬಿಸುತ್ತದೆ. ಅಡಿಗಳ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್, ಅಂದರೆ ಗಂಟೆಗೆ ಇಷ್ಟು ಸಮುದ್ರ ಮೈಲಿ, ಲೆಕ್ಕದಲ್ಲಿ ಸಿಗುತ್ತದೆ. ನೀರಿನ ಮಟ್ಟದಲ್ಲಿ 25 ಅಡಿ ಇದ್ದರೆ 6.7 ನಾಟ್, 36 ಅಡಿ ಇದ್ದರೆ 8 ನಾಟ್. ಒಂದು ಚಿಲ್ಲರೆ ನಾಟ್‌ಗಾಗಿ ಅಷ್ಟೆಲ್ಲ ಹೊರೆ ಹೊರಬೇಕಾ, ನೀವೇ ಹೇಳಿ.

ಕೈಯಲ್ಲಿರೋ ಹಣವನ್ನೆಲ್ಲ ದೋಣಿಗೇ ಹಾಕಬಹುದಾ?

ಬೇಡ. ಮೂರನೇ ಒಂದು ಪಾಲನ್ನಾದರೂ ತೆಗೆದಿಡಿ. ಮಾರುವವರು "ಎಲ್ಲ ರೆಡಿ, ಹೊರಡೋದೇ" ಎಂದ ದೋಣಿಯೂ ಮೊದಲ ವರ್ಷ ಬ್ಯಾಟರಿ ಬೇಕು, ತಂತಿ ಬೇಕು, ಹಾಯಿ ಬೇಕು ಎನ್ನುತ್ತದೆ. ಆಮೇಲೂ ವರ್ಷಕ್ಕೆ ಕೊಂಡ ಬೆಲೆಯ ಸುಮಾರು ಹತ್ತನೇ ಒಂದು ಪಾಲು ಖರ್ಚು ಎಂದು ದೋಣಿಯವರು ಬಾಯಿಲೆಕ್ಕ ಹೇಳುತ್ತಾರೆ. ತೀರಾ ಅಗ್ಗಕ್ಕೆ ಕೊಂಡ ದೋಣಿಗೆ ಈ ಲೆಕ್ಕ ನಂಬಬೇಡಿ. ಪಂಪು, ಹಗ್ಗಗಳಿಗೆ ನೀವು ಎಷ್ಟಕ್ಕೆ ಕೊಂಡಿರಿ ಎನ್ನುವುದು ಗೊತ್ತಿರುವುದಿಲ್ಲ.

ಪುಕ್ಕಟೆ ಕೊಡ್ತೀನಿ ಅಂತಿದ್ದಾರೆ. ತಗೊಳ್ಳಲಾ?

ನಿಮಗೆ ದೋಣಿ ರಿಪೇರಿಯೇ ಖುಷಿ ಎಂದರೆ ತಗೊಳ್ಳಿ. ಪ್ರಯಾಣ ಖುಷಿ ಎಂದರೆ ಬೇಡ.

ಕೀಲ್ ಉದ್ದದ್ದು ಒಳ್ಳೇದಾ, ಚಿಕ್ಕದು ಒಳ್ಳೇದಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಇಬ್ಬರೂ ಸರಿಯೇ. ದೋಣಿ ಮಗುಚದಂತೆ, ಪಕ್ಕಕ್ಕೆ ಜಾರದಂತೆ ತಳದಿಂದ ಕೆಳಗೆ ಚಾಚಿದ ಭಾರದ ಭಾಗವೇ ಕೀಲ್. ದೋಣಿಯಡಿ ಉದ್ದಕ್ಕೂ ಹರಡಿದ ಕೀಲ್ ನೇರ ದಾರಿ ಹಿಡಿದು ಸಾಗುತ್ತದೆ, ಚುಕ್ಕಾಣಿಗೆ ಆಸರೆ ಕೊಡುತ್ತದೆ, ನೆಲ ತಾಗಿದರೂ ತಡೆದುಕೊಳ್ಳುತ್ತದೆ. ಆದರೆ ಹಿಂದಕ್ಕೆ ಬಿಡುವಾಗ ಹೇಳಿದ ಮಾತು ಕೇಳುವುದಿಲ್ಲ. ಮೀನಿನ ರೆಕ್ಕೆಯಂಥ ಫಿನ್ ಕೀಲ್ ಗಾಳಿಗೆದುರಾಗಿ ಚೆನ್ನಾಗಿ ಏರುತ್ತದೆ, ಚುರುಕಾಗಿ ತಿರುಗುತ್ತದೆ. ಅದರ ಬೋಲ್ಟ್‌ಗಳ ವಿಷಯ ಮುಂದೆ ಬರುತ್ತದೆ. ಚೆನ್ನಾಗಿ ನೋಡಿಕೊಂಡ ದೋಣಿ ಸಿಕ್ಕಿದರೆ ಕೀಲ್ ಆಕಾರಕ್ಕಾಗಿ ಅದನ್ನು ಬಿಡಬೇಡಿ.

## ದೋಣಿ ನೋಡಲು ಹೋದಾಗ

ಮೊದಲ ಸಲ ನೋಡೋಕೆ ಹೋಗ್ತಿದ್ದೀನಿ. ಏನು ತಗೊಂಡು ಹೋಗಲಿ, ಎಲ್ಲಿಂದ ಶುರು ಮಾಡಲಿ?

ಟಾರ್ಚ್, ಚಿಕ್ಕ ಕನ್ನಡಿ, ಪ್ಲಾಸ್ಟಿಕ್ ತಲೆಯ ಸುತ್ತಿಗೆ, ಹಳೆಯ ಬಟ್ಟೆ. ಶುರು ಮಾಡುವುದು ಮೂಗಿನಿಂದ. ಬಾಗಿಲು ತೆರೆದ ಆ ಕ್ಷಣ ಮೂಗು ಏನು ಹೇಳುತ್ತದೆ ಎಂದು ಗಮನಿಸಿ. ಐದು ನಿಮಿಷವಾದರೆ ಮೂಗು ಹೊಂದಿಕೊಂಡುಬಿಡುತ್ತದೆ. ಬೂಷ್ಟಿನ ವಾಸನೆ ಎಂದರೆ ಮೇಲಿಂದ ನೀರು ಸೋರುತ್ತಿದೆ. ಡೀಸೆಲ್ ವಾಸನೆ ಎಂದರೆ ಟ್ಯಾಂಕೋ ಪೈಪೋ ಬಿಟ್ಟಿದೆ. ಏರ್ ಫ್ರೆಶ್‌ನರ್ ವಾಸನೆ ಗಮ್ಮೆಂದು ಬಂದರೆ ಇನ್ನೂ ಹುಷಾರಾಗಿ.

ಆಮೇಲೆ ದಿಂಬು, ಹಾಸಿಗೆ ಎತ್ತಿ. ಕಪಾಟುಗಳ ತಳ ನೋಡಿ. ಗೋಡೆಯಲ್ಲಿ ಕಂದು ಗೆರೆ ಅಡ್ಡಲಾಗಿ ಓಡಿದ್ದರೆ ಒಂದು ಕಾಲದಲ್ಲಿ ಅಲ್ಲಿಯವರೆಗೆ ನೀರು ನಿಂತಿತ್ತು ಎಂದರ್ಥ. ನೆಲದ ಹಲಗೆ ಎತ್ತಿ ಬಿಲ್ಜ್, ಅಂದರೆ ದೋಣಿಯ ತಳದ ಗುಂಡಿ, ನೋಡಿ. ಅಲ್ಲಿ ನೀರಿದ್ದರೆ ಬೆರಳು ಅದ್ದಿ ನಾಲಿಗೆ ತುದಿಗೆ ಮುಟ್ಟಿಸಿ ಎನ್ನುವ ಹಳಬರಿದ್ದಾರೆ. ಉಪ್ಪಾದರೆ ಕೆಳಗಿಂದ ಬಂದದ್ದು, ಸಪ್ಪೆಯಾದರೆ ಮಳೆಯದ್ದೋ ಟ್ಯಾಂಕಿನದ್ದೋ. ಎಣ್ಣೆ ತೇಲುತ್ತಿದ್ದರೆ ಈ ಪ್ರಯೋಗ ಬಿಟ್ಟುಬಿಡಿ.

ಮಳೆ ಬಂದ ಮಾರನೇ ದಿನ ನೋಡಲು ಹೋಗುವುದು ನನ್ನ ಅಭ್ಯಾಸ. ನನ್ನ ಮೊದಲ ದೋಣಿಯನ್ನು ಕೊಂಡದ್ದು ಫಳಫಳ ಬಿಸಿಲಲ್ಲಿ. ಒಳಗಿನ ಮರಕ್ಕೆ ಹೊಸ ವಾರ್ನಿಷ್ ಹೊಡೆದು ಚೆಂದ ಮಾಡಿದ್ದರು. ಮೊದಲ ಮಳೆಗೆ ಹಾಸಿಗೆಯ ತಲೆದೆಸೆಯಲ್ಲೇ ತೊಟ್ಟಿಕ್ಕಲು ಶುರುವಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿತ್ತು, ಆದರೂ ಮೋಸ ಹೋದೆ.

ಡೆಕ್ ಮೇಲೆ ನಡೆದಾಗ ಒಂದು ಕಡೆ ಮೆತ್ತಗೆ ಅನ್ನಿಸಿತು. ತಲೆ ಕೆಡಿಸಿಕೊಳ್ಳಬೇಕಾ?

ಹೌದು, ಕೆಡಿಸಿಕೊಳ್ಳಲೇಬೇಕು. ಹಳೆಯ ದೋಣಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಡೆಕ್ ಮೇಲೆಯೇ.

ಹೆಚ್ಚಿನ ಫೈಬರ್‌ಗ್ಲಾಸ್ ದೋಣಿಗಳ ಡೆಕ್ ಒಂದೇ ಪದರವಲ್ಲ. ಮೇಲೊಂದು ತೆಳು ಫೈಬರ್‌ಗ್ಲಾಸ್, ಕೆಳಗೊಂದು, ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್. ಇದರಿಂದ ಡೆಕ್ ಹಗುರವಾಗಿಯೂ ಬಿಗಿಯಾಗಿಯೂ ಇರುತ್ತದೆ. ಆದರೆ ಡೆಕ್ ಮೇಲೆ ನೂರಾರು ತೂತು: ಕಂಬಿಯ ಬುಡ, ಹಗ್ಗ ಕಟ್ಟುವ ಕ್ಲೀಟ್, ವಿಂಚ್, ಹಳಿ. ಒಂದೊಂದರ ಕೆಳಗೂ ಅಂಟು ಹಾಕಿ ಮುಚ್ಚಿರುತ್ತಾರೆ. ಆ ಅಂಟು ಇಪ್ಪತ್ತು ವರ್ಷಕ್ಕೆ ಒಣಗಿ ಬಿರುಕು ಬಿಡುತ್ತದೆ. ನೀರು ತಿರುಪಿನ ದಾರಿ ಹಿಡಿದು ನಡುವಿನ ಮರಕ್ಕೆ ಇಳಿಯುತ್ತದೆ, ಹೊರಗೆ ಬರಲು ದಾರಿ ಸಿಗುವುದಿಲ್ಲ. ಮರ ಕೊಳೆಯುತ್ತದೆ. ಒಳಗೆ ಒಂದು ಹನಿಯೂ ತೊಟ್ಟಿಕ್ಕದೆ ಇಷ್ಟೆಲ್ಲ ನಡೆದಿರಬಹುದು.

ಕಂಡುಹಿಡಿಯುವುದು ಕಷ್ಟವಲ್ಲ. ಬರಿಗಾಲಲ್ಲಿ ನಿಧಾನವಾಗಿ ನಡೆಯಿರಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಒಳ್ಳೆಯ ಜಾಗದಲ್ಲಿ ಟಕ್ ಟಕ್ ಎಂದು ಗಟ್ಟಿಯಾಗಿ ಕೇಳುತ್ತದೆ, ಕೆಟ್ಟ ಜಾಗದಲ್ಲಿ ದಬ್ ದಬ್ ಎಂದು ಸತ್ತ ಸದ್ದು. ಕಂಬಿಗಳ ಬುಡ, ಕಂಬದ ಸುತ್ತ, ಕಿಟಕಿಗಳ ಅಂಚು, ಇಲ್ಲಿ ಮೊದಲು ತಟ್ಟಿ.

ಅಂಗೈಯಗಲದ ಜಾಗವಾದರೆ ಒಂದು ವಾರದ ಕೆಲಸ. ಮೇಲಿನ ಪದರ ಕೊಯ್ದು, ಕೊಳೆತದ್ದು ತೆಗೆದು, ಹೊಸ ಮರ ಕೂರಿಸಿ ಎಪಾಕ್ಸಿ ಎಂಬ ಗಟ್ಟಿ ಅಂಟು ಹಾಕಬೇಕು. ಅರ್ಧ ಡೆಕ್ ಹೀಗಿದ್ದರೆ ಅದು ವರ್ಷಗಳ ಕೆಲಸ. ಬೇರೆಯವರಿಂದ ಮಾಡಿಸಿದರೆ ದೋಣಿಯ ಬೆಲೆಯನ್ನೇ ಮೀರಬಹುದು. ತಿರುಪು ಹಾಕಿ ಕೂರಿಸಿದ ತೇಗದ ಡೆಕ್ ಇದ್ದರಂತೂ ಎರಡು ಸಲ ತಟ್ಟಿ. ಆ ಚೆಂದದ ಹಲಗೆಗಳ ಕೆಳಗೆ ಸಾವಿರಕ್ಕೂ ಮಿಕ್ಕಿ ತಿರುಪಿನ ತೂತುಗಳಿರಬಹುದು.

ನೀರಿಂದ ಎತ್ತಿದಾಗ ತಳದಲ್ಲೆಲ್ಲ ಗುಳ್ಳೆ ಕಂಡವು. ಬಿಟ್ಟು ಓಡಿಬರಲಾ?

ಓಡಬೇಡಿ. ಇದಕ್ಕೆ ಆಸ್ಮೋಸಿಸ್ ಎನ್ನುತ್ತಾರೆ. ನೀರು ಜೆಲ್‌ಕೋಟ್, ಅಂದರೆ ಫೈಬರ್‌ಗ್ಲಾಸಿನ ಹೊಳೆಯುವ ಹೊರಪದರ, ದಾಟಿ ಒಳಗೆ ಇಂಗಿ, ಅಲ್ಲಿನ ರಾಸಾಯನಿಕಗಳ ಜತೆ ಸೇರಿ ಒತ್ತಡ ಹೆಚ್ಚಿ ಗುಳ್ಳೆ ಏಳುತ್ತದೆ. ಚುಚ್ಚಿದರೆ ವಿನೆಗರ್ ಥರ ಹುಳಿ ವಾಸನೆಯ ದ್ರವ ಬರುತ್ತದೆ. ನೋಡಲು ಭಯಂಕರ. ಆದರೆ ಗುಳ್ಳೆಯಿಂದ ಮುಳುಗಿದ ದೋಣಿಯ ಬಗ್ಗೆ ನಾನಂತೂ ಕೇಳಿಲ್ಲ. ಅಲ್ಲೊಂದು ಇಲ್ಲೊಂದು ಇದ್ದರೆ ಕೆರೆದು, ಒಣಗಿಸಿ, ಎಪಾಕ್ಸಿ ತುಂಬಿದರೆ ಆಯಿತು. ತಳವೆಲ್ಲ ತುಂಬಿದ್ದರೆ ಇಡೀ ಪದರ ಕೆತ್ತಿ ತಿಂಗಳುಗಟ್ಟಲೆ ಒಣಗಿಸಬೇಕಾಗುತ್ತದೆ. ಆಗ ಅದು ಬೆಲೆ ಇಳಿಸಲು ಒಳ್ಳೆಯ ಕಾರಣ.

ಎಂಜಿನ್ 25 ವರ್ಷದಲ್ಲಿ ಬರೀ 400 ಗಂಟೆ ಓಡಿದೆ ಅಂತಾರೆ. ಲಾಟರಿ ಹೊಡೆದ ಹಾಗೆ ಅಲ್ವಾ?

ವರ್ಷಕ್ಕೆ 16 ಗಂಟೆ. ನನಗೆ ಇದು ಖುಷಿಯ ಲೆಕ್ಕವಲ್ಲ. ದೋಣಿಯ ಡೀಸೆಲ್ ಎಂಜಿನ್ ದುಡಿದು ಸಾಯುವುದು ಕಡಿಮೆ, ಸುಮ್ನೆ ನಿಂತು ಸಾಯುವುದೇ ಜಾಸ್ತಿ. ತಂಪು ಮಾಡಲು ಎಳೆದುಕೊಂಡ ಉಪ್ಪುನೀರು ಒಳಗೇ ನಿಂತು ತಿನ್ನುತ್ತದೆ. ಟ್ಯಾಂಕಿನ ತಳದಲ್ಲಿ ಸೇರಿದ ನೀರು ಡೀಸೆಲ್‌ಗೆ ತಾಗುವ ಕಡೆ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆಯಾಗುತ್ತದೆ.

ಎಂಜಿನ್ ಬಿಸಿ ಮಾಡಿ ಇಡಬೇಡಿ ಎಂದು ಮೊದಲೇ ಹೇಳಿ ಹೋಗಿ. ಹೋದ ಕೂಡಲೇ ಕೈ ಇಟ್ಟು ನೋಡಿ. ತಣ್ಣಗಿದ್ದಾಗ ಸಲೀಸಾಗಿ ಶುರುವಾದರೆ ಅರ್ಧ ಗೆದ್ದಂತೆ. ಹೊರಗೆ ಪೈಪಿನಿಂದ ನೀರು ಉಗುಳುತ್ತಿರಬೇಕು. ಹೊಗೆ ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ. ಕಪ್ಪಾಗಿದ್ದರೆ ಗಾಳಿ ಸಾಲದು ಅಥವಾ ಹೊರೆ ಜಾಸ್ತಿ, ಪ್ರೊಪೆಲ್ಲರಿಗೆ ಚಿಪ್ಪು ಹತ್ತಿದ್ದರೂ ಹೀಗಾಗುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮೆಕ್ಯಾನಿಕ್ ನೋಡದೆ ಮುಂದುವರಿಯಬೇಡಿ. ಆಯಿಲ್ ಕಡ್ಡಿ ಎಳೆದಾಗ ಹಾಲು ಬೆರೆಸಿದಂತೆ ಕಂಡರೆ ಒಳಗೆ ನೀರು ಸೇರಿದೆ.

ಎಂಜಿನ್ನಿನ ಬಲವನ್ನು ಪ್ರೊಪೆಲ್ಲರಿಗೆ ಒಯ್ಯಲು ಹಲ್ ತೂರಿ ನೇರ ಕೆಳಗಿಳಿಯುವ ಸೇಲ್‌ಡ್ರೈವ್ ಇದ್ದರೆ ಅದರ ರಬ್ಬರ್ ಡಯಾಫ್ರಂ ಯಾವಾಗ ಬದಲಾಯಿಸಿದರು ಎಂದು ಬಿಲ್ ಸಮೇತ ಕೇಳಿ. ತಯಾರಿಸುವ ವೋಲ್ವೋ ಪೆಂಟಾ ಕಂಪನಿ ಏಳು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತದೆ. ದೋಣಿಗೂ ಸಮುದ್ರಕ್ಕೂ ನಡುವೆ ಅಲ್ಲಿರುವುದು ಆ ರಬ್ಬರ್ ಮಾತ್ರ.

ಹಾಯಿ ಒಳ್ಳೇದಿದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಹೊಸ ಹಾಯಿಬಟ್ಟೆ ಗರಿಗರಿ ಸದ್ದು ಮಾಡುತ್ತದೆ, ಹಳೆಯದು ಹಳೇ ಪಂಚೆಯಷ್ಟು ಮೃದು. ಹೊಲಿಗೆ ದಾರವನ್ನು ಉಗುರಿನಿಂದ ಕೆರೆಯಿರಿ. ಬಿಸಿಲಿಗೆ ಮೊದಲು ಹೋಗುವುದು ದಾರವೇ. ಎಳೆ ಕಿತ್ತು ಬಂದರೆ ಮತ್ತೆ ಹೊಲಿಸಬೇಕು.

ಒಳಗೆ ಅಡುಗೆ ಗ್ಯಾಸ್ ಇದೆ. ಭಯ ಪಡಬೇಕಾ?

ಸ್ವಲ್ಪ ಪಡಿ. ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಬಿಲ್ಜ್‌ನಲ್ಲಿ ನೀರಿನಂತೆ ಹೋಗಿ ಕೂರುತ್ತದೆ, ಒಂದು ಕಿಡಿಗೆ ಕಾಯುತ್ತದೆ. ಸಿಲಿಂಡರಿಗೆ ಬೇರೆಯೇ ಗೂಡು ಇರಬೇಕು. ಆ ಗೂಡಿನ ತಳದಿಂದ ಸಮುದ್ರಕ್ಕೆ ತೂತು ಇರಬೇಕು.

## ಇನ್ನೂ ಆಳಕ್ಕೆ

ಕಂಬ ಹಿಡಿದಿರೋ ತಂತಿಗಳು ಹೊಳೀತಾ ಇವೆ. ಆದರೂ ಬದಲಾಯಿಸು ಅಂತಾರಲ್ಲ, ಯಾಕೆ?

ಹೊಳಪು ಹೊರಗಿನದು. ಸ್ಟೇನ್‌ಲೆಸ್ ತಂತಿ ಒಳಗಿಂದ, ಅದೂ ತುದಿಯ ಹಿಡಿಕೆ ಕಚ್ಚಿದ ಕಡೆ ಸೋಲುತ್ತದೆ. ಸಾಮಾನ್ಯವಾಗಿ 10ರಿಂದ 15 ವರ್ಷ ಬಾಳಿಕೆ ಎನ್ನುತ್ತಾರೆ. ಎಷ್ಟೋ ವಿಮಾ ಕಂಪನಿಗಳು ಅದಕ್ಕಿಂತ ಹಳೆಯದಾದರೆ ಕಂಬ ಬಿದ್ದ ನಷ್ಟ ತುಂಬಿಕೊಡಲು ತಕರಾರು ತೆಗೆಯುತ್ತವೆ. ಬಟ್ಟೆಯನ್ನು ತಂತಿಗೆ ಸುತ್ತಿ ಮೇಲಿಂದ ಕೆಳಗೆ ಎಳೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಒಂದು ಎಳೆ ಮುರಿದಿದೆ. ಒಂದು ಮುರಿದಿದ್ದರೆ ಉಳಿದವನ್ನೂ ನಂಬುವ ಹಾಗಿಲ್ಲ.

ತಂತಿಗಿಂತ ನನಗೆ ಚೈನ್‌ಪ್ಲೇಟ್ ಭಯ ಜಾಸ್ತಿ. ತಂತಿಯ ಕೆಳತುದಿಯನ್ನು ಹಲ್‌ಗೆ ಬಿಗಿಯುವ ಲೋಹದ ಪಟ್ಟಿ ಅದು. ಡೆಕ್ ತೂರಿ ಹೋಗುವ ಕಡೆ ನೀರು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಸ್ಟೇನ್‌ಲೆಸ್ ಉಕ್ಕು ತುಕ್ಕು ತಡೆಯುವುದೇ ಆಮ್ಲಜನಕದ ಬಲದಿಂದ. ಅದು ಸಿಗದಿದ್ದರೆ ಸಂದಿನಲ್ಲಿ ಸೀಳು ಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಒಳಗಿನ ಮರದ ಮೇಲೆ ಕಂದು ಕಣ್ಣೀರಿನಂಥ ಗೆರೆ ಇಳಿದಿದ್ದರೆ ಒಂದು ಪಟ್ಟಿ ಬಿಚ್ಚಿ ನೋಡಲು ಒಪ್ಪಿಗೆ ಕೇಳಿ.

ಕೀಲ್ ಮತ್ತು ಹಲ್ ಸೇರೋ ಕಡೆ ಸಣ್ಣ ಬಿರುಕು ಇದೆ. "ಎಲ್ಲಾ ದೋಣೀಲೂ ಇರುತ್ತೆ" ಅಂತಾರೆ. ನಂಬಲಾ?

ಅರ್ಧ ನಂಬಿ. ಬೋಲ್ಟ್ ಹಾಕಿ ಕೂರಿಸಿದ ಕೀಲ್‌ಗಳಲ್ಲಿ ಮುಂದಿನ ತುದಿಯ ಬಳಿ ಇಂಥ ಗೆರೆ ಬರುವುದು ಎಷ್ಟು ಮಾಮೂಲು ಎಂದರೆ ಅದಕ್ಕೆ ಕ್ಯಾಟಲೀನಾ ಸ್ಮೈಲ್ ಎಂಬ ಹೆಸರೇ ಇದೆ. ಎಷ್ಟೋ ಸಲ ಬೋಲ್ಟ್ ಬಿಗಿದು, ಸಂದು ತುಂಬಿದರೆ ಮುಗಿಯುತ್ತದೆ. ಗೆರೆಯಿಂದ ನೀರು ಜಿನುಗುತ್ತಿದ್ದರೆ, ತುಕ್ಕು ಇಳಿದಿದ್ದರೆ, ಒಳಗೆ ಬೋಲ್ಟ್‌ಗಳ ಸುತ್ತ ಫೈಬರ್‌ಗ್ಲಾಸ್ ಸೀಳಿದ್ದರೆ ಅದು ನಗುವಲ್ಲ.

ನೆಲಕ್ಕೆ ಗುದ್ದಿದ ಇತಿಹಾಸ ಕೇಳಿ. 2014ರ ಮೇ ತಿಂಗಳಲ್ಲಿ ಚೀಕಿ ರಫೀಕಿ ಎಂಬ ದೋಣಿ ಅಟ್ಲಾಂಟಿಕ್ ನಡುವೆ ಕೀಲ್ ಕಳಚಿ ಮಗುಚಿತು. ಅದರಲ್ಲಿದ್ದ ನಾಲ್ವರೂ ತೀರಿಹೋದರು. ಹಿಂದೆ ಹಲವು ಸಲ ನೆಲ ತಾಗಿದ್ದು, ಆಮೇಲಿನ ರಿಪೇರಿಗಳು ಸೇರಿ ಕೀಲ್ ಕೂತ ಜಾಗವನ್ನು ದುರ್ಬಲ ಮಾಡಿರಬಹುದು ಎಂದು ಬ್ರಿಟನ್ನಿನ ತನಿಖೆ ಹೇಳಿತು. ಕೀಲ್‌ನ ಹಿಂದಿನ ತುದಿಗೆ ನೇರ ಮೇಲೆ, ಬಿಲ್ಜ್ ಒಳಗೆ ಟಾರ್ಚ್ ಬಿಡಿ. ಮುಂದೆ ಗುದ್ದಿದ ಪೆಟ್ಟು ಹಿಂದಿನ ತುದಿಯನ್ನು ಮೇಲಕ್ಕೆ ತಳ್ಳುತ್ತದೆ, ಬಿರುಕು ಅಲ್ಲೇ ಕಾಣುತ್ತದೆ.

ನೀರಿನ ಮಟ್ಟದ ಕೆಳಗಿರೋ ನಲ್ಲಿಗಳು ತಿರುಗ್ತಾನೇ ಇಲ್ಲ. ದೊಡ್ಡ ವಿಷಯಾನಾ?

ಸೀಕಾಕ್ ಎನ್ನುವ ಈ ನಲ್ಲಿಗಳು ತಿರುಗದಿದ್ದರೆ ಅವು ಇದ್ದೂ ಇಲ್ಲದ ಹಾಗೆ. ಪೈಪ್ ಕಳಚಿದ ದಿನ ಮುಚ್ಚಲು ಆಗುವುದಿಲ್ಲ. ಲೋಹ ಕಂಚೋ ಹಿತ್ತಾಳೆಯೋ ನೋಡಿ. ಉಪ್ಪುನೀರಲ್ಲಿ ಹಿತ್ತಾಳೆಯ ಸತು ಕರಗಿ ಹೋಗುತ್ತದೆ. ಕೆರೆದಾಗ ಗುಲಾಬಿ ಬಣ್ಣ ಕಂಡರೆ ಉಳಿದಿರುವುದು ಪುಡಿಯಾಗುವ ತಾಮ್ರ. ಬದಲಿಸುವ ಖರ್ಚು ದೊಡ್ಡದಲ್ಲ, ಆದರೆ ದೋಣಿ ನೀರಿಂದ ಮೇಲಿರುವಾಗಲೇ ಆಗಬೇಕು.

ಇಷ್ಟೆಲ್ಲ ನಾನೇ ನೋಡಿದ ಮೇಲೆ ಸರ್ವೇಯರ್ ಯಾಕೆ ಬೇಕು?

ನೀವು ಆ ದೋಣಿಯ ಮೇಲೆ ಮನಸ್ಸು ಇಟ್ಟುಬಿಟ್ಟಿದ್ದೀರಿ, ದೋಣಿ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್ ಇಟ್ಟಿಲ್ಲ. ಅದಕ್ಕೇ. ನೀವು ನೋಡುವುದು ಬೇಡದ್ದನ್ನು ಬೇಗ ಬಿಡಲು, ಅವರು ನೋಡುವುದು ಬೇಕಾದದ್ದನ್ನು ಖಾತ್ರಿ ಮಾಡಲು. ವಿಮೆಗೂ ಹೆಚ್ಚಾಗಿ ಅವರ ವರದಿ ಬೇಕಾಗುತ್ತದೆ.

ಸರ್ವೇಯರನ್ನು ನೀವೇ ಹುಡುಕಿ. ಮಾರುವವರೋ ಬ್ರೋಕರೋ ಹೇಳಿದ ಹೆಸರು ಬೇಡ. ದೋಣಿ ಮೇಲೆತ್ತಿದಾಗ ನೀವೂ ಪಕ್ಕದಲ್ಲಿರಿ. ಕಾಗದದಲ್ಲಿ ಬರೆಯದ ಎಷ್ಟೋ ಮಾತು ಅವರ ಮುಖದಲ್ಲಿ ಕಾಣುತ್ತದೆ. ಚುಕ್ಕಾಣಿಯ ಕೆಳಗೆ ಹನಿ ಬೀಳುತ್ತಿದೆಯೇ ಎಂದೂ ನೋಡಿ. ಒಳಗೆ ನೀರು ಸೇರಿದ ಚುಕ್ಕಾಣಿ ದಿನಗಟ್ಟಲೆ ಅಳುತ್ತಿರುತ್ತದೆ.

ಸಾಮಾನ್ಯವಾಗಿ ಸರ್ವೇಯರ್ ಕಂಬ ಹತ್ತುವುದಿಲ್ಲ, ಎಂಜಿನ್ ಬಿಚ್ಚುವುದಿಲ್ಲ. ಇವಕ್ಕೆ ರಿಗ್ಗರ್, ಮೆಕ್ಯಾನಿಕ್ ಬೇರೆ. ಖರ್ಚು ಜಾಸ್ತಿಯಾಯಿತು ಅನ್ನಿಸಿದರೆ ಒಂದು ಹೊಸ ಎಂಜಿನ್ನಿನ ಬೆಲೆ ವಿಚಾರಿಸಿ.

ದೋಣಿ ಮೇಲೆ "ಕೆಟಗರಿ ಎ" ಅಂತ ಫಲಕ ಇದೆ. ಅಂದ್ರೆ ಸಾಗರ ದಾಟಬಹುದು ಅಂತ ತಾನೆ?

ಯುರೋಪಿನ ನಿಯಮದಲ್ಲಿ ಎ ಅಂದರೆ ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ 8ನ್ನು ಮೀರಿದ ಗಾಳಿ, 4 ಮೀಟರ್ ಮೀರಿದ ಅಲೆಗೆ ತಕ್ಕ ವಿನ್ಯಾಸ. 1998ರಿಂದ ಅಲ್ಲಿ ಮಾರುವ ಹೊಸ ದೋಣಿಗಳಿಗೆ ಇಂಥ ಒಂದು ಕೆಟಗರಿ ನಮೂದಿಸುವುದು ಕಡ್ಡಾಯವಾಯಿತು. ಆದರೆ ಆ ಫಲಕ ಹೇಳುವುದು ಕಾರ್ಖಾನೆಯಿಂದ ಹೊರಟ ದಿನದ ಮಾತು. ಅದಕ್ಕೂ ಮುಂಚಿನ ದೋಣಿಗೆ ಫಲಕ ಇಲ್ಲದಿದ್ದರೆ ಅದು ದೋಷವೂ ಅಲ್ಲ.

ಕಾಗದಪತ್ರದಲ್ಲಿ ಏನೇನು ನೋಡಬೇಕು?

ಹಲ್ ಮೇಲಿನ ಗುರುತಿನ ಸಂಖ್ಯೆ ಕಾಗದದ್ದಕ್ಕೆ ಅಕ್ಷರ ಅಕ್ಷರ ಹೊಂದಬೇಕು. ಅಮೆರಿಕದಲ್ಲಿ 1972ರ ನವೆಂಬರಿನಿಂದ 12 ಅಕ್ಷರಗಳ ಈ ಸಂಖ್ಯೆ ಕಡ್ಡಾಯ. ನೋಂದಣಿ ಇದ್ದ ಮಾತ್ರಕ್ಕೆ ಒಡೆತನ ಸಾಬೀತಾಗುವುದಿಲ್ಲ. ಬ್ರಿಟನ್ನಿನ ಸಣ್ಣ ದೋಣಿಗಳ ನೋಂದಣಿ ಪಟ್ಟಿ ಅಂಥದ್ದೇ. ಮಾರಾಟದ ಪತ್ರಗಳ ಸರಪಳಿ ಕೇಳಿ. ಯುರೋಪ್ ಒಕ್ಕೂಟದ ನೀರಿನಲ್ಲಿ ತಿರುಗಾಡುವುದಿದ್ದರೆ ವ್ಯಾಟ್ ತೆರಿಗೆ ಕಟ್ಟಿದ ದಾಖಲೆಯೂ ಬೇಕಾಗಬಹುದು.

ಮುಖ್ಯವಾಗಿ ಸಾಲ. ಎಷ್ಟೋ ಕಡೆ ಬಾಕಿ ಅಂಟಿಕೊಳ್ಳುವುದು ದೋಣಿಗೆ, ಮಾಲೀಕರಿಗಲ್ಲ. ದುರಸ್ತಿ ಅಂಗಳದವರಿಗೆ ಹಳೆಯ ಮಾಲೀಕರು ಉಳಿಸಿದ ಬಾಕಿ ದೋಣಿಯ ಜತೆ ನಿಮ್ಮ ಪಾಲಿಗೆ ಬರಬಹುದು.

ಸರ್ವೇಯಲ್ಲಿ ಉದ್ದ ಪಟ್ಟಿ ಬಂತು. ಬೆಲೆ ಹೇಗೆ ಇಳಿಸಲಿ?

ಪಟ್ಟಿ ಉದ್ದವೇ ಬರುತ್ತದೆ, ಹೆದರಬೇಡಿ. ಮೂರು ಗುಂಪು ಮಾಡಿ: ಮುಳುಗಿಸುವಂಥದ್ದು, ಕಂಬ ಬೀಳಿಸುವಂಥದ್ದು, ಉಳಿದದ್ದು. ಮೊದಲೆರಡಕ್ಕೆ ದುರಸ್ತಿ ಅಂಗಳದಿಂದ ಬರಹದಲ್ಲಿ ಅಂದಾಜು ತಂದು ಬೆಲೆಯಲ್ಲಿ ಕಡಿತ ಕೇಳಿ. ಹಳೆಯ ದಿಂಬು, ಕೆಟ್ಟ ದೀಪಕ್ಕೆಲ್ಲ ಜಗ್ಗಾಡಿದರೆ ದೊಡ್ಡದಕ್ಕೂ ಅವರು ಬಗ್ಗುವುದಿಲ್ಲ. ಮಾರುವವರೇ ರಿಪೇರಿ ಮಾಡಿಸಿ ಕೊಡುತ್ತೇನೆಂದರೆ ಬೇಡ ಎನ್ನಿ. ಬಿಟ್ಟು ಹೋಗುವವರು ಮಾಡಿಸುವ ಕೆಲಸ ಹೇಗಿರುತ್ತದೆ ಗೊತ್ತಲ್ಲ. ಮುಂಗಡ ಕೊಡುವಾಗಲೇ "ಸರ್ವೇ ಮತ್ತು ಸಮುದ್ರ ಪರೀಕ್ಷೆ ಒಪ್ಪಿಗೆಯಾದರೆ ಮಾತ್ರ" ಎಂದು ಬರೆಸಿರಬೇಕು.

ಕೊಂಡಾಯ್ತು! ಮೊದಲು ಏನು ಮಾಡಲಿ?

ಹೊಸ ಸ್ಕ್ರೀನು, ಹೊಸ ಗ್ಯಾಜೆಟ್ಟು ಕೊಳ್ಳಬೇಡಿ. ತಳದ ಪೈಪುಗಳನ್ನೆಲ್ಲ ಕೈಯಿಂದ ಹಿಚುಕಿ ನೋಡಿ, ಗಡುಸಾದದ್ದನ್ನು ಬದಲಿಸಿ, ಎರಡೆರಡು ಕ್ಲಿಪ್ ಹಾಕಿ. ಪ್ರತಿ ಸೀಕಾಕ್ ಪಕ್ಕ ಆ ಅಳತೆಯ ಮರದ ಬಿರಡೆಯೊಂದನ್ನು ದಾರದಲ್ಲಿ ಕಟ್ಟಿ. ಎಂಜಿನ್ ತಂಪು ಮಾಡಲು ನೀರೆತ್ತುವ ಪಂಪಿನ ಇಂಪೆಲ್ಲರ್ ಎಂಬ ರಬ್ಬರ್ ಚಕ್ರ, ಡೀಸೆಲ್ ಫಿಲ್ಟರ್ ಹೊಸದು ಹಾಕಿ, ಅವನ್ನು ಬಿಚ್ಚಿ ಹಾಕುವುದನ್ನು ನಿಂತಲ್ಲೇ ಕಲಿತುಕೊಳ್ಳಿ. ಮೊದಲ ಸೀಸನ್ ಮನೆಗೆ ಸಂಜೆ ಮರಳುವಷ್ಟು ದೂರ ಹೋದರೆ ಸಾಕು. ಆಮೇಲೆ ಒಂದು ಜೋರು ಮಳೆಯ ರಾತ್ರಿ ಒಳಗೇ ಮಲಗಿ, ಕೈಯಲ್ಲಿ ಟಾರ್ಚ್ ಮತ್ತು ಸೀಮೆಸುಣ್ಣ ಇಟ್ಟುಕೊಂಡು. ಎಲ್ಲೆಲ್ಲಿ ಹನಿ ಬೀಳುತ್ತದೋ ಅಲ್ಲಲ್ಲಿ ಗುರುತು ಹಾಕಿ.